ಮೂತ್ರಪಿಂಡದ ಉರಿಯೂತ, ನಾರುಗಟ್ಟುವಿಕೆ ಮತ್ತು ಕಬ್ಬಿನ ಗದ್ದೆಯ ಬಿಸಿಲು



ಬಿತ್ತನೆ ತುಂಡಿನ ಆಯ್ಕೆ, ಕೂಳೆ ಬೆಳೆಯ ಆರೈಕೆ, ಕಾಂಡಕೊರಕದ ಹತೋಟಿ, ಕೆಂಪು ಕೊಳೆ ರೋಗ ಮುಂತಾದ ವಿಷಯಗಳನ್ನು ಈ ಪುಟಗಳಲ್ಲಿ ಬರೆಯುವುದು ವಾಡಿಕೆ. ಈ ಸಲ ಕಬ್ಬನ್ನು ಬದಿಗಿಟ್ಟು, ಕಬ್ಬು ಕಡಿಯುವವರ ದೇಹದೊಳಗಿನ ಒಂದು ಅಂಗದ ಬಗ್ಗೆ ಬರೆಯುತ್ತಿದ್ದೇನೆ. ಕಾರಣವಿದೆ. ಭೂಮಿಯ ಇನ್ನೊಂದು ಪಕ್ಕದಲ್ಲಿ, ಮಧ್ಯ ಅಮೆರಿಕದ ಕಬ್ಬಿನ ಸೀಮೆಯಲ್ಲಿ, ಸಕ್ಕರೆ ಕಾಯಿಲೆಯೂ ಇಲ್ಲದ, ರಕ್ತದ ಒತ್ತಡವೂ ಇಲ್ಲದ ಸಾವಿರಾರು ಕೂಲಿಗಾರರು ಹರೆಯದಲ್ಲಿಯೇ ಮೂತ್ರಪಿಂಡ ಕೆಟ್ಟು ತೀರಿಕೊಂಡಿದ್ದಾರೆ. ಆ ರೋಗದ ಬೆನ್ನು ಹತ್ತಿದ ವಿಜ್ಞಾನಿಗಳು ಕಂಡುಕೊಂಡ ಸಂಗತಿಗಳು ಉಡುಮಲೈ, ಮಡತ್ತುಕುಳಂ, ಧಾರಾಪುರ, ಪೊಳ್ಳಾಚಿ ಕಡೆಯ ನಮ್ಮ ಗದ್ದೆಗಳಿಗೂ ಸಂಬಂಧಿಸಿದವು. ನಾನು ಕೃಷಿ ಪದವೀಧರ, ವೈದ್ಯನಲ್ಲ. ಔಷಧದ ವಿಷಯದಲ್ಲಿ ನಿಮ್ಮ ವೈದ್ಯರ ಮಾತೇ ಕಡೆಯ ಮಾತು. ಆದರೆ ರೋಗ ಒಳಗೆ ಹೇಗೆ ನಡೆಯುತ್ತದೆ ಎಂಬುದನ್ನು ತಿಳಿಯಲು ಪದವಿ ಬೇಕಾಗಿಲ್ಲ. ಗದ್ದೆಗೆ ನೀರು ಹಾಯಿಸಿ ಬಲ್ಲವರಿಗೆ ಅದು ಬೇಗ ಅರ್ಥವಾಗುತ್ತದೆ.

ಮೊದಲು ಒಂದು ಮಾತಿನ ಗೊಂದಲವನ್ನು ಬಿಡಿಸಬೇಕು. ನಮ್ಮ ಮನೆಮಾತು ಕನ್ನಡ, ಆಸ್ಪತ್ರೆಯ ಮಾತು ತಮಿಳು, ಚೀಟಿ ಇಂಗ್ಲಿಷು. ಮೂತ್ರಪಿಂಡ ದುರ್ಬಲವಾದಾಗ ರಕ್ತದಲ್ಲಿ ಯೂರಿಯಾ ಮತ್ತು ಕ್ರಿಯಾಟಿನಿನ್ ಎಂಬ ಕಲ್ಮಷಗಳು ಏರುತ್ತವೆ. ಇದನ್ನು ಇಲ್ಲಿಯ ಆಸ್ಪತ್ರೆಗಳಲ್ಲಿ ‘ಉಪ್ಪು ಜಾಸ್ತಿಯಾಗಿದೆ’ ಎಂದು ಹೇಳುವ ರೂಢಿ ಇದೆ. ಕೇಳಿದವರು ಅಡಿಗೆಯ ಉಪ್ಪು ಎಂದು ತಿಳಿದು, ಸಾರಿಗೆ ಉಪ್ಪು ಹಾಕದೆ ಉಂಡು, ರೋಗ ವಾಸಿಯಾಯಿತೆಂದು ಸುಮ್ಮನಿದ್ದುಬಿಡುತ್ತಾರೆ. ಅಡಿಗೆಯ ಉಪ್ಪು ಕಡಿಮೆ ಮಾಡುವುದು ಒಳ್ಳೆಯದೇ, ಆದರೆ ವೈದ್ಯರು ಹೇಳಿದ ‘ಉಪ್ಪು’ ಅದಲ್ಲ. ಚೀಟಿಯಲ್ಲಿ ಕ್ರಿಯಾಟಿನಿನ್ ಎಷ್ಟು ಎಂದು ಬರೆದಿದೆಯೋ ಅದನ್ನು ನೋಡಬೇಕು.

ಅಂಗದ ರಚನೆ

ಮೂತ್ರಪಿಂಡಗಳು ಎರಡು. ಬೆನ್ನಿನ ಎರಡೂ ಕಡೆ, ಪಕ್ಕೆಲುಬಿನ ಕೆಳತುದಿಯಲ್ಲಿ, ಹಿಡಿಮುಷ್ಟಿ ಗಾತ್ರದವು. ಹೃದಯ ತಳ್ಳುವ ರಕ್ತದಲ್ಲಿ ಸುಮಾರು ಐದರಲ್ಲೊಂದು ಪಾಲು ಇವುಗಳ ಮೂಲಕ ಹಾಯುತ್ತದೆ. ಪ್ರತಿಯೊಂದರಲ್ಲಿಯೂ ನೆಫ್ರಾನ್ ಎಂಬ ಶೋಧಕ ಘಟಕಗಳು ಸುಮಾರು 10 ಲಕ್ಷ ಇರುತ್ತವೆ. ಒಂದೊಂದು ನೆಫ್ರಾನಿನ ತಲೆಯಲ್ಲಿ ಸೂಕ್ಷ್ಮ ರಕ್ತನಾಳಗಳ ಒಂದು ಗೊಂಚಲು, ಅದರಿಂದ ಹೊರಟ ಉದ್ದನೆಯ ಒಂದು ನಾಳಿಕೆ. ಗೊಂಚಲು ಜರಡಿ ಇದ್ದಂತೆ, ನಾಳಿಕೆ ಕಾಲುವೆ ಇದ್ದಂತೆ. ದಿನಕ್ಕೆ ಸುಮಾರು 180 ಲೀಟರು ದ್ರವ ಜರಡಿಯಿಂದ ಸೋಸಿ ಕಾಲುವೆಗೆ ಇಳಿಯುತ್ತದೆ. ಅದರಲ್ಲಿ 178 ಲೀಟರಿನಷ್ಟನ್ನು ಕಾಲುವೆಯ ಗೋಡೆಯ ಕೋಶಗಳು ಮರಳಿ ಹೀರಿ ರಕ್ತಕ್ಕೆ ಸೇರಿಸುತ್ತವೆ. ಉಳಿದ ಒಂದೂವರೆ ಎರಡು ಲೀಟರು ಮೂತ್ರವಾಗಿ ಹೊರಬೀಳುತ್ತದೆ.

ಈ ಮರಳಿ ಹೀರುವ ಕೆಲಸ ಬಹಳ ದುಡಿತದ್ದು. ಆದುದರಿಂದ ನಾಳಿಕೆಯ ಕೋಶಗಳಿಗೆ ಆಮ್ಲಜನಕ ಹೆಚ್ಚು ಬೇಕು. ರಕ್ತದ ಹರಿವು ಸ್ವಲ್ಪ ಕುಗ್ಗಿದರೂ ಮೊದಲು ಬಳಲುವುದು ಇವೇ. ಇದನ್ನು ನೆನಪಿನಲ್ಲಿಡಿ. ಮುಂದಿನ ಕಥೆಯೆಲ್ಲ ಇಲ್ಲಿಂದಲೇ ಹೊರಡುತ್ತದೆ.

ಗಾಯ ಮಾಯುವುದು ಮತ್ತು ಮಾಯದಿರುವುದು

ಕಬ್ಬು ಕಡಿಯುವಾಗ ಕತ್ತಿ ಬೆರಳಿಗೆ ತಗುಲಿತು ಎನ್ನಿ. ರಕ್ತ ನಿಂತ ಮೇಲೆ ಆ ಜಾಗ ಕೆಂಪಾಗಿ ಬಿಸಿಯಾಗಿ ಊದಿಕೊಳ್ಳುತ್ತದೆ. ಇದಕ್ಕೇ ಉರಿಯೂತ ಎನ್ನುವುದು. ಇದು ರೋಗವಲ್ಲ, ದೇಹದ ರಿಪೇರಿ ಕೆಲಸ. ಗಾಯಗೊಂಡ ಕೋಶಗಳು ಸುದ್ದಿ ಕಳಿಸುತ್ತವೆ. ರಕ್ತದ ಬಿಳಿ ಕಣಗಳು ಬಂದು ಸೇರಿ, ಸತ್ತದ್ದನ್ನು ತಿಂದು ಚೊಕ್ಕಟ ಮಾಡುತ್ತವೆ. ಬಳಿಕ ನಾರು ನೇಯುವ ಕೋಶಗಳು ಬಂದು ಕೊಲಾಜನ್ ಎಂಬ ಗಟ್ಟಿ ನಾರನ್ನು ಹೆಣೆದು ಸೀಳನ್ನು ಮುಚ್ಚುತ್ತವೆ. ಕೆಲಸ ಮುಗಿದೊಡನೆ ಎಲ್ಲರೂ ಹೊರಟುಹೋಗಬೇಕು. ಹೋಗುತ್ತಾರೆ ಕೂಡ. ಬೆರಳಿನ ಮೇಲೆ ಒಂದು ಸಣ್ಣ ಕಲೆ ಉಳಿಯುತ್ತದೆ, ಬೆರಳು ಮೊದಲಿನಂತೆ ಮಡಚುತ್ತದೆ.

ಮೂತ್ರಪಿಂಡದಲ್ಲಿಯೂ ನಡೆಯುವುದು ಇದೇ. ನಾಳಿಕೆಯ ಕೋಶಗಳಿಗೆ ಏಟು ಬಿದ್ದಾಗ ಅವು ಸುದ್ದಿ ಕಳಿಸುತ್ತವೆ, ಮ್ಯಾಕ್ರೊಫೇಜ್ ಎಂಬ ದೊಡ್ಡ ಬಿಳಿ ಕಣಗಳು ಬರುತ್ತವೆ, ಉಳಿದ ಕೋಶಗಳು ಒಡೆದು ಎರಡಾಗಿ ಹೊಸ ಗೋಡೆ ಕಟ್ಟುತ್ತವೆ. ಒಂದೇ ಸಲದ ಲಘು ಏಟಾದರೆ ಗುರುತಿಲ್ಲದಂತೆ ವಾಸಿಯಾಗುವುದೂ ಉಂಟು. ತೊಂದರೆ ಬರುವುದು ಏಟು ಮತ್ತೆ ಮತ್ತೆ ಬಿದ್ದಾಗ. ಆಗ ರಿಪೇರಿಯವರು ಮನೆ ಬಿಟ್ಟು ಹೋಗುವುದಿಲ್ಲ. ನಾರು ನೇಯುವ ಕೋಶಗಳು ನೇಯುತ್ತಲೇ ಇರುತ್ತವೆ. ನಾಳಿಕೆಗಳ ನಡುವಿನ ಮೆತ್ತನೆಯ ಜಾಗ ನಾರಿನಿಂದ ಗಟ್ಟಿಯಾಗುತ್ತದೆ, ಅಲ್ಲಿಯ ಸೂಕ್ಷ್ಮ ರಕ್ತನಾಳಗಳು ಒಣಗಿಹೋಗುತ್ತವೆ. ರಕ್ತ ಕಡಿಮೆಯಾದುದರಿಂದ ಪಕ್ಕದ ನಾಳಿಕೆ ಉಸಿರುಕಟ್ಟುತ್ತದೆ, ಅದೂ ಸುದ್ದಿ ಕಳಿಸುತ್ತದೆ, ಅಲ್ಲಿಯೂ ನಾರು ಹೆಣೆಯುವುದು ಶುರುವಾಗುತ್ತದೆ. ಬೆರಳಿಗಾದರೆ ನೋವಿದೆ, ಎಚ್ಚರಿಸುತ್ತದೆ. ಮೂತ್ರಪಿಂಡದೊಳಗಿನ ಈ ಕೆಲಸಕ್ಕೆ ನೋವೆಂಬುದೇ ಇಲ್ಲ.

ಈ ನಾರುಗಟ್ಟುವಿಕೆಯೇ ದೀರ್ಘಕಾಲದ ಮೂತ್ರಪಿಂಡ ರೋಗದ ಕೊನೆಯ ಹಾದಿ. ಮೂಲ ಕಾರಣ ಸಕ್ಕರೆ ಕಾಯಿಲೆ ಇರಲಿ, ರಕ್ತದ ಒತ್ತಡವಿರಲಿ, ಕಲ್ಲಿರಲಿ, ವಿಷವಿರಲಿ, ಬಿಸಿಲಿರಲಿ, ಕಡೆಗೆ ಬಂದು ಸೇರುವುದು ಇದೇ ದಾರಿಗೆ.

ಇನ್ನು ಕೂಳೆ ಗದ್ದೆಯ ಉದಾಹರಣೆ ಕೊಡುತ್ತೇನೆ. ಕೂಳೆಯಲ್ಲಿ ಬುಡಗಳು ಅಲ್ಲಲ್ಲಿ ಸತ್ತು ಖಾಲಿ ಬೀಳುವುದು ನಿಮಗೆ ಗೊತ್ತೇ ಇದೆ. ಮೊಳೆತ ಸಸಿ ತಂದು ಖಾಲಿ ತುಂಬುತ್ತೇವೆ. ಮೂತ್ರಪಿಂಡದ ಗದ್ದೆಯಲ್ಲಿ ಖಾಲಿ ತುಂಬುವ ಪದ್ಧತಿ ಇಲ್ಲ. ಹುಟ್ಟುವ ಹೊತ್ತಿಗೆ ಎಷ್ಟು ನೆಫ್ರಾನುಗಳಿದ್ದವೋ ಅಷ್ಟೇ, ಹೊಸದು ಹುಟ್ಟುವುದಿಲ್ಲ. ಸತ್ತುಹೋದವುಗಳ ಕೆಲಸವನ್ನು ಉಳಿದವು ಹೊರಬೇಕು. ಒಂದೊಂದೂ ಹಿಗ್ಗಿ, ಹೆಚ್ಚು ಒತ್ತಡದಲ್ಲಿ, ಹೆಚ್ಚು ಸೋಸುತ್ತದೆ. ಮೇಲುನೋಟಕ್ಕೆ ಎಲ್ಲವೂ ಸರಿಯಿದ್ದಂತೆ ಕಾಣುತ್ತದೆ. ಆದರೆ ಈ ಅತಿ ದುಡಿತವೇ ಉಳಿದ ಗೊಂಚಲುಗಳನ್ನು ಕಲೆಗಟ್ಟಿಸುತ್ತದೆ ಎಂದು ಬಾಸ್ಟನ್ನಿನ ಬ್ಯಾರಿ ಬ್ರೆನ್ನರ್ ಮತ್ತು ಅವರ ಸಂಗಡಿಗರು 1980ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟರು. ಮೊದಲ ಏಟು ನಿಂತ ಮೇಲೂ ರೋಗ ತನ್ನಷ್ಟಕ್ಕೆ ತಾನೇ ಮುಂದುವರಿಯುವುದು ಹೀಗೆ. ಸುಮಾರು ಅರ್ಧದಷ್ಟು ಶಕ್ತಿ ಹೋಗುವವರೆಗೆ ರಕ್ತದ ಕ್ರಿಯಾಟಿನಿನ್ ಹೆಚ್ಚೇನೂ ಏರದಿರುವುದಕ್ಕೂ ಇದೇ ಕಾರಣ.

ಸಂಶೋಧನೆ ನಡೆದು ಬಂದ ದಾರಿ

ಇಷ್ಟು ನಾರು ನೇಯಿರಿ ಎಂದು ಅಪ್ಪಣೆ ಕೊಡುವವರು ಯಾರು ಎಂಬ ಪ್ರಶ್ನೆ ವಿಜ್ಞಾನಿಗಳನ್ನು ಬಹಳ ಕಾಲ ಕಾಡಿತು. ದೇಹದಲ್ಲಿ ಟಿ.ಜಿ.ಎಫ್.-ಬೀಟಾ ಎಂಬ ಒಂದು ಸಂದೇಶ ವಸ್ತುವಿದೆ. 1990ರಲ್ಲಿ ವೇನ್ ಬಾರ್ಡರ್ ಮತ್ತು ಜೊತೆಗಾರರು, ಮೂತ್ರಪಿಂಡದ ಉರಿಯೂತವಿದ್ದ ಇಲಿಗಳಿಗೆ ಈ ವಸ್ತುವನ್ನು ತಡೆಯುವ ಪ್ರತಿಕಾಯ ಕೊಟ್ಟಾಗ ನಾರು ಕೂಡುವುದು ಕಡಿಮೆಯಾಯಿತೆಂದು ವರದಿ ಮಾಡಿದರು. ಎಲ್ಲರಿಗೂ ಆಸೆ ಹುಟ್ಟಿತು. ಶತ್ರು ಸಿಕ್ಕ, ಇನ್ನು ಕಟ್ಟಿಹಾಕಿದರಾಯಿತು ಎಂದುಕೊಂಡರು. ಮನುಷ್ಯರಲ್ಲಿ ಹಾಗಾಗಲಿಲ್ಲ. ಸಕ್ಕರೆ ಕಾಯಿಲೆಯಿಂದ ಮೂತ್ರಪಿಂಡ ಕೆಟ್ಟವರಿಗೆ ಇಂತಹುದೇ ಪ್ರತಿಕಾಯ ಕೊಟ್ಟು ನೋಡಿದ ಒಂದು ದೊಡ್ಡ ಪರೀಕ್ಷೆಯನ್ನು, ಪ್ರಯೋಜನ ಕಾಣದೆ ನಡುವೆಯೇ ನಿಲ್ಲಿಸಬೇಕಾಯಿತು. ಅದರ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಈ ಸಂದೇಶ ವಸ್ತು ನಾರು ನೇಯಿಸುವುದರ ಜೊತೆಗೆ ಉರಿಯೂತವನ್ನು ತಣಿಸುವ ಕೆಲಸವನ್ನೂ ಮಾಡುತ್ತದೆ. ಪೂರ್ತಿ ಕಟ್ಟಿಹಾಕಿದರೆ ಇನ್ನೊಂದು ಕಡೆ ಕೆಡುತ್ತದೆ. ಬೇಸಾಯದಲ್ಲಿಯೂ ನೋಡಿದ್ದೇವಲ್ಲ, ಒಂದು ಹುಳುವನ್ನು ಪೂರ್ತಿ ಕೊಲ್ಲಲು ಹೊಡೆದ ಔಷಧಿ ಅದನ್ನು ತಿನ್ನುವ ಮಿತ್ರಕೀಟವನ್ನೂ ಕೊಂದು ಇನ್ನೊಂದು ಪೀಡೆಯನ್ನು ತಂದಿಟ್ಟದ್ದು.

ಇನ್ನೊಂದು ಆಸೆಯೂ ಹೀಗೆಯೇ ಆಯಿತು. ಬಾರ್ಡೊಕ್ಸೊಲೋನ್ ಎಂಬ, ಉರಿಯೂತ ತಗ್ಗಿಸುವ ಔಷಧದಿಂದ ಮೂತ್ರಪಿಂಡದ ಸೋಸುವ ಪ್ರಮಾಣ ಹೆಚ್ಚಿದಂತೆ ಕಂಡಿತ್ತು. ಅದರ ದೊಡ್ಡ ಪರೀಕ್ಷೆಯಲ್ಲಿ ಹೃದಯ ಸೋತು ಆಸ್ಪತ್ರೆ ಸೇರುವವರು ಹೆಚ್ಚಾದುದರಿಂದ 2012ರಲ್ಲಿ ನಿಲ್ಲಿಸಿದರು. ಪತ್ರಿಕೆಯಲ್ಲಿ ‘ಮೂತ್ರಪಿಂಡಕ್ಕೆ ಹೊಸ ಮದ್ದು’ ಎಂದು ಓದಿದಾಗಲೆಲ್ಲ ಈ ಎರಡು ಸಂಗತಿಗಳನ್ನು ನೆನೆಯುವುದು ಒಳ್ಳೆಯದು.

ಇಷ್ಟಾದರೂ ತಿಳಿವಳಿಕೆ ಬೆಳೆಯಿತು. ಒಡೆಯಲು ಹೊರಟು ನಡುವೆಯೇ ಸಿಕ್ಕಿಬಿದ್ದ ನಾಳಿಕೆ ಕೋಶಗಳು ಸಾಯದೆ ವಾಸಿಯೂ ಆಗದೆ, ನಾರು ನೇಯಿಸುವ ಸಂದೇಶಗಳನ್ನು ಸುರಿಸುತ್ತಲೇ ಇರುತ್ತವೆ ಎಂದು 2010ರಲ್ಲಿ ಜೋಸೆಫ್ ಬಾನ್ವೆಂಟ್ರೆಯವರ ತಂಡ ತೋರಿಸಿತು. ನಾರು ನೇಯುವ ಕೋಶಗಳು ಎಲ್ಲಿಂದ ಬರುತ್ತವೆ ಎಂಬ ಬಗ್ಗೆಯೂ ದೊಡ್ಡ ವಾದವಿತ್ತು. ನಾಳಿಕೆಯ ಕೋಶಗಳೇ ವೇಷ ಬದಲಿಸುತ್ತವೆ ಎಂಬುದು ಹಳೆಯ ಅಭಿಪ್ರಾಯ. ಜರ್ಮನಿಯ ಆಖೆನ್ ನಗರದ ರಫಾಯೆಲ್ ಕ್ರಾಮನ್ ಮತ್ತು ಸಂಗಡಿಗರು ಮನುಷ್ಯರ ಮೂತ್ರಪಿಂಡದ ಕೋಶಗಳನ್ನು ಒಂದೊಂದಾಗಿ ಪರಿಶೀಲಿಸಿ, ಅವು ಮುಖ್ಯವಾಗಿ ಸೂಕ್ಷ್ಮ ರಕ್ತನಾಳಗಳನ್ನು ಸುತ್ತಿಕೊಂಡಿರುವ ಕೋಶಗಳಿಂದ ಮತ್ತು ನಡುಜಾಗದ ನಾರುಕೋಶಗಳಿಂದ ಬರುತ್ತವೆ ಎಂದು 2021ರಲ್ಲಿ ಪ್ರಕಟಿಸಿದರು. ರಕ್ತನಾಳವನ್ನು ಕಾಯಬೇಕಾದ ಕೋಶವೇ ಕಾವಲು ಬಿಟ್ಟು ನಾರು ನೇಯಲು ಹೊರಟರೆ ರಕ್ತನಾಳ ಒಣಗದೆ ಇನ್ನೇನು?

ಕೈಗೆ ಸಿಕ್ಕ ಔಷಧಗಳು

ಕಟ್ಟಿದ ನಾರನ್ನು ಕರಗಿಸುವ ಮದ್ದು ಇಂದಿಗೂ ಇಲ್ಲ. ಕಟ್ಟುವ ವೇಗವನ್ನು ತಗ್ಗಿಸುವ ಮದ್ದುಗಳಿವೆ. 1993ರಲ್ಲಿ ಕ್ಯಾಪ್ಟೊಪ್ರಿಲ್, 2001ರಲ್ಲಿ ಲೊಸಾರ್ಟನ್ ಮತ್ತು ಇರ್ಬೆಸಾರ್ಟನ್ ಎಂಬ ರಕ್ತದೊತ್ತಡದ ಮಾತ್ರೆಗಳು ಸಕ್ಕರೆ ಕಾಯಿಲೆಯವರ ಮೂತ್ರಪಿಂಡವನ್ನು ಉಳಿಸಬಲ್ಲವು ಎಂದು ಸಿದ್ಧವಾಯಿತು. ಅವು ಗೊಂಚಲಿನೊಳಗಿನ ಒತ್ತಡವನ್ನು ಇಳಿಸುತ್ತವೆ, ತೂಬಿನ ಬಾಯಲ್ಲಿ ನೀರಿನ ರಭಸ ತಗ್ಗಿಸಿದ ಹಾಗೆ. ಕ್ಯಾಪ್ಟೊಪ್ರಿಲ್ ಹುಟ್ಟಿದ್ದು ಬ್ರೆಜಿಲ್ ದೇಶದ ಒಂದು ಮಂಡಲದ ಹಾವಿನ ವಿಷದ ಅಧ್ಯಯನದಿಂದ ಎಂದರೆ ನಿಮಗೆ ಆಶ್ಚರ್ಯವಾದೀತು.

ಈಚಿನ ದೊಡ್ಡ ಹೆಜ್ಜೆ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಮಾತ್ರೆಗಳು. ಇವುಗಳ ಮೂಲಪುರುಷ ಸೇಬಿನ ಮರದ ತೊಗಟೆಯಲ್ಲಿ 1835ರಲ್ಲಿ ಸಿಕ್ಕ ಫ್ಲೋರಿಜಿನ್ ಎಂಬ ಕಹಿ ವಸ್ತು. ಸಕ್ಕರೆ ಕಾಯಿಲೆಗೆಂದು ತಯಾರಾದ ಮಾತ್ರೆಗಳು ಮೂತ್ರಪಿಂಡಕ್ಕೂ ಒಳಿತು ಮಾಡುತ್ತವೆ ಎಂದು ತಿಳಿದುಬಂದಿತು. 2020ರಲ್ಲಿ ಪ್ರಕಟವಾದ ಡಾಪಾಗ್ಲಿಫ್ಲೋಜಿನ್ ಪರೀಕ್ಷೆಯಲ್ಲಿ 4,304 ರೋಗಿಗಳಿದ್ದರು. ಅವರಲ್ಲಿ ಸಕ್ಕರೆ ಕಾಯಿಲೆ ಇಲ್ಲದವರೂ ಇದ್ದರು. ಮೂತ್ರಪಿಂಡ ತೀರ ಕೆಡುವುದು ಮತ್ತು ಮೂತ್ರಪಿಂಡ ಇಲ್ಲವೇ ಹೃದಯ-ರಕ್ತನಾಳದ ಕಾರಣದಿಂದಾಗುವ ಸಾವು, ಇವೆಲ್ಲ ಸೇರಿ ಅಪಾಯ ನೂರಕ್ಕೆ 39ರಷ್ಟು ತಗ್ಗಿತು. ನಾಳಿಕೆಗಳ ದುಡಿತವನ್ನು ಹಗುರ ಮಾಡುವುದು ಇವುಗಳ ಗುಣ. ಡಾಪಾಗ್ಲಿಫ್ಲೋಜಿನ್ ಪೇಟೆಂಟು ನಮ್ಮ ದೇಶದಲ್ಲಿ 2020ರಲ್ಲಿ ಮುಗಿದ ಮೇಲೆ ಅನೇಕ ಕಂಪನಿಗಳು ತಯಾರಿಸತೊಡಗಿ ಬೆಲೆ ಇಳಿದಿದೆ. ಸಕ್ಕರೆ ಕಾಯಿಲೆಯವರಿಗೆ ಫಿನೆರೆನೋನ್ ಎಂಬುದು 2020ರಿಂದ, ಸೆಮಾಗ್ಲುಟೈಡ್ ಎಂಬ ಚುಚ್ಚುಮದ್ದು 2024ರಿಂದ ಈ ಸಾಲಿಗೆ ಸೇರಿವೆ.

ಒಂದು ಎಚ್ಚರಿಕೆ. ಈ ಮಾತ್ರೆಗಳಲ್ಲಿ ಹಲವು, ದೇಹದಲ್ಲಿ ನೀರು ಬತ್ತಿದ ದಿನ ತಿರುಗಿ ಬೀಳಬಲ್ಲವು. ವಾಂತಿಭೇದಿ ಆದಾಗ, ಜ್ವರ ಬಂದು ಊಟ ಸೇರದಾಗ, ಬಿಸಿಲಿನಲ್ಲಿ ದಿನವಿಡೀ ಬೆವರಿದಾಗ ಮಾತ್ರೆ ನುಂಗಬೇಕೇ ನಿಲ್ಲಿಸಬೇಕೇ ಎಂದು ವೈದ್ಯರನ್ನು ಮೊದಲೇ ಕೇಳಿ ಬರೆಸಿಕೊಂಡಿರಿ. ಗದ್ದೆಗೆ ಹೋಗುವವರೆಂದು ನೀವು ಹೇಳದಿದ್ದರೆ ವೈದ್ಯರಿಗೆ ತಿಳಿಯದು.

ಕಬ್ಬಿನ ಗದ್ದೆಯ ರೋಗ

ಈಗ ಮುಖ್ಯ ವಿಷಯ. ಎಲ್ ಸಾಲ್ವಡಾರ್ ದೇಶದ ಆಸ್ಪತ್ರೆಯೊಂದಕ್ಕೆ ಬರುತ್ತಿದ್ದ ಮೂತ್ರಪಿಂಡ ರೋಗಿಗಳಲ್ಲಿ ಬಹುಮಂದಿಗೆ ಗೊತ್ತಾದ ಯಾವ ಕಾರಣವೂ ಇಲ್ಲ, ಅವರಲ್ಲಿ ಹೆಚ್ಚಿನವರು ಕರಾವಳಿಯ ಬಿಸಿ ನೆಲದಲ್ಲಿ ಹೊಲಗೆಲಸ ಮಾಡುವ ಗಂಡಸರು ಎಂದು ಅಲ್ಲಿಯ ವೈದ್ಯರು 2002ರಲ್ಲಿ ವರದಿ ಮಾಡಿದರು. ನಿಕರಾಗುವಾ ದೇಶದ ಚಿಚಿಗಾಲ್ಪಾ ಎಂಬ ಕಬ್ಬಿನ ಊರಿನ ಪಕ್ಕದ ಒಂದು ವಸತಿಗೆ ‘ವಿಧವೆಯರ ದ್ವೀಪ’ ಎಂದೇ ಹೆಸರು ಬಿತ್ತು. ಅಷ್ಟು ಮಂದಿ ಕಬ್ಬು ಕಡಿಯುವ ಗಂಡಸರು ಅಲ್ಲಿ ಸತ್ತರು.

ಸ್ವೀಡನ್ನಿನ ಸಂಶೋಧಕರು ಎಲ್ ಸಾಲ್ವಡಾರಿನ ಎಂಟು ಮಂದಿ ಕೆಲಸಗಾರರ ಮೂತ್ರಪಿಂಡದಿಂದ ಸೂಜಿಯ ಮೂಲಕ ಚೂರು ತೆಗೆದು ನೋಡಿ 2013ರಲ್ಲಿ ಬರೆದರು. ಗೊಂಚಲುಗಳು ಕಲೆಗಟ್ಟಿದ್ದವು, ನಾಳಿಕೆಗಳು ಸೊರಗಿ ನಡುವೆ ನಾರು ತುಂಬಿತ್ತು. ಅಂದರೆ ರೋಗದ ಕೊನೆಯ ಚಿತ್ರ. ಮೊದಲ ಚಿತ್ರ ನಿಕರಾಗುವಾದಲ್ಲಿ ಸಿಕ್ಕಿತು. ಜ್ವರ, ವಾಕರಿಕೆ, ಸೊಂಟನೋವೆಂದು ಕೆಲಸದ ನಡುವೆ ಆಸ್ಪತ್ರೆಗೆ ಬಂದ, ಕ್ರಿಯಾಟಿನಿನ್ ತಟ್ಟನೆ ಏರಿದ್ದ ಹನ್ನೊಂದು ಮಂದಿಯ ಚೂರುಗಳನ್ನು ನೋಡಿದಾಗ ನಾಳಿಕೆಗಳ ನಡುವೆ ಬಿಳಿ ಕಣಗಳು ಮುತ್ತಿಕೊಂಡ ತೀವ್ರ ಉರಿಯೂತ ಕಂಡಿತು. ಇದು 2018ರಲ್ಲಿ ಪ್ರಕಟವಾಯಿತು. ಹಂಗಾಮಿನಲ್ಲಿ ಉರಿಯೂತ, ಹಂಗಾಮು ಮುಗಿದ ಮೇಲೆ ಅರೆಬರೆ ರಿಪೇರಿ, ಮುಂದಿನ ಹಂಗಾಮಿನಲ್ಲಿ ಮತ್ತೆ ಏಟು, ಕೆಲವು ವರ್ಷಗಳಲ್ಲಿ ನಾರು. ಮೇಲೆ ಹೇಳಿದ ಕಥೆ ಇಲ್ಲಿ ಕಣ್ಣಿಗೆ ಕಾಣುವಂತಾಯಿತು.

ಏಟು ಹಾಕುವವರು ಯಾರು? ಬಿಸಿಲು, ಅದರಲ್ಲಿಯೂ ಬಿಸಿಲಿನಲ್ಲಿ ಬಿಡುವಿಲ್ಲದ ದುಡಿತ ಎಂಬುದು ಬಹುಮಂದಿ ತಜ್ಞರ ಅಭಿಪ್ರಾಯ. ಬೆವರಿ ನೀರು ಬತ್ತಿದಾಗ ರಕ್ತ ಚರ್ಮಕ್ಕೂ ಸ್ನಾಯುಗಳಿಗೂ ಹರಿದು ಮೂತ್ರಪಿಂಡಕ್ಕೆ ಕಡಿಮೆಯಾಗುತ್ತದೆ. ಅದೇ ಹೊತ್ತಿಗೆ ಮೂತ್ರವನ್ನು ಗಟ್ಟಿ ಮಾಡಲು ನಾಳಿಕೆಗಳು ಹೆಚ್ಚು ದುಡಿಯಬೇಕು. ಬೇರೆ ಅನುಮಾನಗಳೂ ಇವೆ. ಕೀಟನಾಶಕ, ಕುಡಿಯುವ ನೀರಿನ ಲೋಹಗಳು, ಇಲಿಜ್ವರದ ರೋಗಾಣು, ಸುಟ್ಟ ಕಬ್ಬಿನ ಬೂದಿಯಲ್ಲಿರುವ ಸಿಲಿಕಾ. ಆಂಧ್ರದ ಶ್ರೀಕಾಕುಳಂ ಜಿಲ್ಲೆಯ ಉದ್ದಾನಂ ಪ್ರದೇಶದಲ್ಲಿಯೂ ಶ್ರೀಲಂಕೆಯ ಉತ್ತರ ಮಧ್ಯ ಪ್ರಾಂತದಲ್ಲಿಯೂ ಇಂತಹುದೇ ರೋಗವಿದೆ. ನೀರು, ಮಣ್ಣು, ಔಷಧಿ ಎಲ್ಲವನ್ನೂ ಪರೀಕ್ಷಿಸಿದರೂ ಒಂದೇ ಕಾರಣವೆಂದು ಬೊಟ್ಟು ಮಾಡಲಾಗಿಲ್ಲ. ಎಲ್ಲವೂ ಸೇರಿ ಮಾಡುವ ಕೇಡು ಎಂದೇ ನನಗೆ ತೋರುತ್ತದೆ, ಬೆಳೆ ಕುಂಠಿತವಾದಾಗ ಒಂದೇ ಕಾರಣ ಸಿಗದಂತೆ. ಬಿಸಿಲನ್ನು ನಾವು ನಿಲ್ಲಿಸಲಾರೆವು, ಆದರೆ ಬಿಸಿಲಿನಲ್ಲಿ ದುಡಿಸುವ ರೀತಿಯನ್ನು ಬದಲಿಸಬಹುದು. ಆದುದರಿಂದ ಕಾರಣದ ವಾದ ಮುಗಿಯಲೆಂದು ಕಾಯಬೇಕಾಗಿಲ್ಲ.

ನಮ್ಮ ರಾಜ್ಯದ ಸಂಗತಿ

ಇದು ದೂರದ ದೇಶದ ಮಾತಲ್ಲ. ಚೆನ್ನೈಯ ಶ್ರೀ ರಾಮಚಂದ್ರ ಸಂಸ್ಥೆಯ ವಿದ್ಯಾ ವೇಣುಗೋಪಾಲ್ ಮತ್ತು ಸಂಗಡಿಗರು ತಮಿಳುನಾಡಿನ ಉಪ್ಪಿನ ಗದ್ದೆಗಳ 352 ಕೆಲಸಗಾರರನ್ನು ಪರೀಕ್ಷಿಸಿದಾಗ, ಹೆಚ್ಚಿನವರು ಮಿತಿಮೀರಿದ ಕಾವಿನಲ್ಲಿ ದುಡಿಯುತ್ತಿದ್ದುದು ಮಾತ್ರವಲ್ಲ, ನೂರಕ್ಕೆ ಸುಮಾರು 7 ಮಂದಿಯಲ್ಲಿ ಮೂತ್ರಪಿಂಡದ ಶಕ್ತಿ ತಗ್ಗಿರುವುದೂ ಕಂಡಿತು. ಮದ್ರಾಸ್ ವೈದ್ಯಕೀಯ ಕಾಲೇಜಿನ ಮೂತ್ರಪಿಂಡ ತಜ್ಞರು ರಾಜ್ಯದ ಹೊಲಗೆಲಸದವರಲ್ಲಿ ನಡೆಸಿ 2025ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಸುಮಾರು ಇಪ್ಪತ್ತು ಮಂದಿಗೆ ಒಬ್ಬರಲ್ಲಿ ದೀರ್ಘಕಾಲದ ಮೂತ್ರಪಿಂಡ ರೋಗವಿತ್ತು. ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡ ಮುಂತಾದ ಗೊತ್ತಿರುವ ಕಾರಣಗಳಿರಲಿಲ್ಲ.

ನಮ್ಮ ಕಡೆ ಪಾಲಕ್ಕಾಡು ಕಣಿವೆಯಿಂದ ಗಾಳಿ ಬೀಸುವುದರಿಂದ ಇಲ್ಲಿ ಬಿಸಿಲು ಹಿತ ಎಂದು ಹೇಳುವವರಿದ್ದಾರೆ. ಒಣಗಾಳಿಯಲ್ಲಿ ಬೆವರು ಕೂಡಲೇ ಆರಿಹೋಗುತ್ತದೆ. ಅಂಗಿ ಒದ್ದೆಯಾಗದು, ಆದುದರಿಂದ ಎಷ್ಟು ನೀರು ಹೋಯಿತೆಂದು ತಿಳಿಯದು. ಎದೆಯೆತ್ತರದ ಕಬ್ಬಿನ ಸಾಲುಗಳ ನಡುವೆ ಆ ಗಾಳಿಯೂ ಹೋಗುವುದಿಲ್ಲ. ಕಟಾವು ತಂಡದವರಿಗೆ ಕೂಲಿ ಟನ್ನಿನ ಲೆಕ್ಕ. ನಿಂತರೆ ಕೂಲಿ ನಿಂತಂತೆ. ನೀರು ಕುಡಿಯಲು ಗದ್ದೆಯ ಬದುವಿನವರೆಗೆ ಹೋಗಿ ಬರುವ ಹೊತ್ತನ್ನೂ ಲೆಕ್ಕ ಹಾಕುತ್ತಾರೆ. ಹೆಂಗಸರ ಕಷ್ಟ ಇನ್ನೊಂದು. ಮರೆಯಿಲ್ಲದ ಕಡೆ ಮೂತ್ರಕ್ಕೆ ಹೋಗಬೇಕಾದೀತೆಂದು ಹಗಲೆಲ್ಲ ನೀರೇ ಕುಡಿಯುವುದಿಲ್ಲ. ಇದನ್ನು ಯಾವ ಸಭೆಯಲ್ಲಿಯೂ ಯಾರೂ ಎತ್ತುವುದಿಲ್ಲ.

ಸಂಜೆ ಮೈಕೈ ನೋವೆಂದು ಔಷಧಿ ಅಂಗಡಿಯಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ಮುಂತಾದ ನೋವಿನ ಮಾತ್ರೆ ತಂದು ನುಂಗುವುದು ಸಾಮಾನ್ಯ. ನೀರು ಬತ್ತಿದ ದೇಹದಲ್ಲಿ ಮೂತ್ರಪಿಂಡದ ರಕ್ತನಾಳವನ್ನು ತೆರೆದಿಡಲು ದೇಹ ಒಂದು ವಸ್ತುವನ್ನು ತಯಾರಿಸಿಕೊಳ್ಳುತ್ತದೆ. ಈ ಮಾತ್ರೆಗಳು ಅದನ್ನೇ ತಡೆಯುತ್ತವೆ. ಹಗಲು ಬಿಸಿಲಿನ ಏಟು, ರಾತ್ರಿ ಮಾತ್ರೆಯ ಏಟು. ನೋವಿಗೆ ಬೇಕೇಬೇಕಾದರೆ ಪ್ಯಾರಾಸಿಟಮಾಲ್ ಇದ್ದುದರಲ್ಲಿ ವಾಸಿ, ಅದೂ ಮಿತಿಯಲ್ಲಿ.

ನಾಟಿ ಮದ್ದಿನ ಬಗ್ಗೆಯೂ ಹೇಳಲೇಬೇಕು. ನಮ್ಮ ಕರಿಮಣ್ಣಿನ ಹೊಲಗಳಲ್ಲಿ ಆಡುತೀಂಡಾಪ್ಪಾಳೈ ಎಂಬ ಬಳ್ಳಿ ಬೆಳೆಯುತ್ತದೆ. ಆಡು ಮುಟ್ಟದ ಗಿಡವೆಂದೇ ಅದರ ಅರ್ಥ. ಹುಳುವಿಗೆ, ಚರ್ಮರೋಗಕ್ಕೆ, ವಿಷಕ್ಕೆ ಎಂದು ಇದನ್ನೂ, ಇದೇ ಕುಲದ ಈಶ್ವರಿ ಬೇರನ್ನೂ ಕೊಡುವ ಪದ್ಧತಿ ಇದೆ. ಈ ಕುಲದ ಗಿಡಗಳಲ್ಲಿ ಅರಿಸ್ಟೊಲೋಕಿಕ್ ಆಮ್ಲವೆಂಬ ವಿಷವಿದೆ. ಬೆಲ್ಜಿಯಂ ದೇಶದ ಬ್ರಸೆಲ್ಸ್ ನಗರದಲ್ಲಿ ಮೈ ತೂಕ ಇಳಿಸಲೆಂದು ಚೀನೀ ಗಿಡಮೂಲಿಕೆ ಸೇವಿಸಿದ ಹೆಂಗಸರ ಮೂತ್ರಪಿಂಡಗಳು ತಿಂಗಳುಗಳಲ್ಲಿಯೇ ನಾರುಗಟ್ಟಿಹೋದ ಸಂಗತಿ 1993ರಲ್ಲಿ ಬೆಳಕಿಗೆ ಬಂದಿತು. ತಪ್ಪಿ ಬೆರೆತಿದ್ದುದು ಇದೇ ಕುಲದ ಗಿಡ. ಈ ವಿಷದಿಂದ ಮೂತ್ರಮಾರ್ಗದ ಕ್ಯಾನ್ಸರ್ ಕೂಡ ಬರುತ್ತದೆ. ನಾಟಿ ವೈದ್ಯವನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ಆದರೆ ಆಡು ಕೂಡ ಮುಟ್ಟದ ಗಿಡವನ್ನು ಮನುಷ್ಯರು ಕಷಾಯ ಮಾಡಿ ಕುಡಿಯುವುದು ಬೇಡ.

ನೀರು, ನೆರಳು, ಬಿಡುವು

ನಿಕರಾಗುವಾದ ಒಂದು ದೊಡ್ಡ ಸಕ್ಕರೆ ಕಾರ್ಖಾನೆಯಲ್ಲಿ ನೀರು, ನೆರಳು, ಬಿಡುವು, ಶೌಚದ ಏರ್ಪಾಡು ಇವಿಷ್ಟನ್ನು ಕಟ್ಟುನಿಟ್ಟಾಗಿ ಜಾರಿಗೆ ತಂದು, ಹಂಗಾಮಿನ ಮೊದಲೂ ಕೊನೆಗೂ ಕಟಾವಿನವರ ಕ್ರಿಯಾಟಿನಿನ್ ಅಳೆದರು. ಬಿಡುವನ್ನು ಹೆಚ್ಚಿಸಿದ ಮುಂದಿನ ಹಂಗಾಮಿನಲ್ಲಿ ಮೂತ್ರಪಿಂಡಕ್ಕೆ ಏಟು ಬಿದ್ದವರ ಸಂಖ್ಯೆ ಗಣನೀಯವಾಗಿ ಇಳಿಯಿತು. ಬರಿಯ ನೀರು ಕೊಟ್ಟರೆ ಸಾಲದು, ನೆರಳಿನಲ್ಲಿ ಕೂರಿಸಬೇಕು ಎಂಬುದು ಇದರಿಂದ ತಿಳಿದ ಮುಖ್ಯ ಅಂಶ. ಕಬ್ಬು ಬೆಳೆಯುವ ನಮ್ಮ ಲೆಕ್ಕದಲ್ಲಿ ಇದರ ಖರ್ಚು ಎಷ್ಟು? ನಾಲ್ಕು ಗಳು, ಒಂದು ಟಾರ್ಪಾಲು, ಎರಡು ಡ್ರಮ್ಮು ನೀರು, ಮರೆಗೆ ಒಂದು ಸೋಗೆಯ ತಡಿಕೆ. ಕಟಾವು ಮುಂದೆ ಸಾಗಿದ ಹಾಗೆ ನೆರಳೂ ಡ್ರಮ್ಮೂ ಸಾಲಿನ ಜೊತೆಗೇ ಸಾಗಬೇಕು. ಬದುವಿನಲ್ಲಿಯೇ ಬಿಟ್ಟರೆ ಇಟ್ಟೂ ಪ್ರಯೋಜನವಿಲ್ಲ. ಮಾರ್ಚಿಯಿಂದ ಮೇ ತನಕ ಬೆಳಗಿನ ಜಾವಕ್ಕೇ ಕಟಾವು ಆರಂಭಿಸಿ ಹನ್ನೊಂದು ಗಂಟೆಗೆ ನಿಲ್ಲಿಸಿ, ಬಿಸಿಲು ಇಳಿದ ಮೇಲೆ ಹೊರೆ ಕಟ್ಟುವ ಕೆಲಸ ಇಟ್ಟುಕೊಳ್ಳುವುದು ಲೇಸು. ಬಿಡುವಿನ ಹೊತ್ತಿಗೆ ಕೂಲಿ ಹೋಗುತ್ತದೆಂಬ ಭಯ ಇರುವವರೆಗೆ ಯಾರೂ ನೆರಳಿಗೆ ಬರುವುದಿಲ್ಲ. ಆದುದರಿಂದ ಆ ಮಾತನ್ನು ಮೇಸ್ತ್ರಿಯೊಡನೆ ಮುಂಗಡ ಕೊಡುವಾಗಲೇ ಮಾತನಾಡಿ ಮುಗಿಸಿರಬೇಕು.

ನೀರು ಎಷ್ಟು ಎಂದು ಕೇಳುತ್ತೀರಿ. ಬಿಸಿಲಿನಲ್ಲಿ ದುಡಿಯುವವರು ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಲೋಟದಂತೆ, ಅಂದರೆ ಗಂಟೆಗೆ ಮುಕ್ಕಾಲು ಲೀಟರಿನಷ್ಟು ಕುಡಿಯಬೇಕು. ಒಮ್ಮೆಲೇ ಚೊಂಬುಗಟ್ಟಲೆ ಕುಡಿಯಬಾರದು. ಉಪ್ಪು ಹಾಕಿದ ನೀರುಮಜ್ಜಿಗೆ, ಗಂಜಿ ನೀರು ಬಹಳ ಒಳ್ಳೆಯದು. ಬಾಟಲಿಯ ಸಿಹಿ ಪಾನೀಯ ಬೇಡ. ಅಮೆರಿಕದಲ್ಲಿ 2019ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಕಾವಿನಲ್ಲಿ ದುಡಿಯುತ್ತಾ ನೀರಿನ ಬದಲು ಅಂತಹ ಪಾನೀಯ ಕುಡಿದ ಆರೋಗ್ಯವಂತರಲ್ಲಿ ಮೂತ್ರಪಿಂಡಕ್ಕೆ ಏಟು ಬಿದ್ದ ಗುರುತುಗಳು ಕಂಡವು. ಕಬ್ಬಿನ ಹಾಲನ್ನೂ ನೀರಿನ ಬದಲಿಗೆ ಕುಡಿಯಬಾರದು. ಒಂದು ಲೋಟ ರುಚಿಗೆ ಸಾಕು. ಕಬ್ಬು ಅಭಿವೃದ್ಧಿ ಅಧಿಕಾರಿ ಹೀಗೆ ಬರೆಯುವುದೇ ಎಂದು ನಗಬೇಡಿ.

ಎಳನೀರಿನ ವಿಷಯದಲ್ಲಿ ಎರಡು ಮಾತು. ಪೊಳ್ಳಾಚಿಯ ಎಳನೀರು ಆರೋಗ್ಯವಂತ ದುಡಿಮೆಗಾರನಿಗೆ ಹಿತವೇ ಸರಿ. ಆದರೆ ಮೂತ್ರಪಿಂಡ ಈಗಾಗಲೇ ದುರ್ಬಲವಾದವರಿಗೆ ಅದರಲ್ಲಿರುವ ಪೊಟಾಸಿಯಂ ಹೊರಹೋಗದೆ ರಕ್ತದಲ್ಲಿ ಏರಿ ಹೃದಯವನ್ನೇ ನಿಲ್ಲಿಸಬಲ್ಲದು. ರೋಗಿಯನ್ನು ನೋಡಲು ಹೋಗುವಾಗ ಎಳನೀರಿನ ಗೊನೆ ಒಯ್ಯುವ ನಮ್ಮ ಪದ್ಧತಿಯನ್ನು ಇಂತಹ ಮನೆಗಳಲ್ಲಿ ಬಿಡಬೇಕು. ನೀರಿನ ಪ್ರಮಾಣವನ್ನೂ ಅವರಿಗೆ ವೈದ್ಯರೇ ಹೇಳಬೇಕು.

ಪರೀಕ್ಷೆ

ತಮಿಳುನಾಡು ಸರ್ಕಾರ 2023ರಲ್ಲಿ ಆರಂಭಿಸಿದ ಮೂತ್ರಪಿಂಡ ರಕ್ಷಣೆಯ ಯೋಜನೆಯ ಪ್ರಕಾರ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮೂತ್ರದಲ್ಲಿ ಆಲ್ಬುಮಿನ್ ಇದೆಯೇ ಎಂದು ಪಟ್ಟಿಯಿಂದ ನೋಡುವ ಏರ್ಪಾಡಾಯಿತು. ಸಕ್ಕರೆ ಕಾಯಿಲೆ, ಒತ್ತಡ ಇರುವವರಿಗೆ ಇದು ಒಳ್ಳೆಯ ಪರೀಕ್ಷೆ. ಆದರೆ ಗದ್ದೆಯ ಬಿಸಿಲಿನಿಂದ ಬರುವ ರೋಗದಲ್ಲಿ ಕೆಡುವುದು ಮೊದಲು ನಾಳಿಕೆ, ಜರಡಿಯಲ್ಲ. ಆದುದರಿಂದ ಮೂತ್ರದಲ್ಲಿ ಆಲ್ಬುಮಿನ್ ಕಾಣದಿದ್ದರೂ ರೋಗ ಇರಬಹುದು. ರಕ್ತದ ಕ್ರಿಯಾಟಿನಿನ್ ಕೂಡ ಮಾಡಿಸಬೇಕು. ಕ್ರಿಯಾಟಿನಿನ್ ಸ್ನಾಯುಗಳಿಂದ ಹುಟ್ಟುವ ವಸ್ತುವಾದುದರಿಂದ ಬಡಕಲು ದೇಹದವರಲ್ಲಿ ಅಂಕಿ ಕಡಿಮೆ ಕಂಡು ಮೋಸ ಮಾಡುತ್ತದೆ. ವಯಸ್ಸನ್ನೂ ಸೇರಿಸಿ ಲೆಕ್ಕಹಾಕಿದ ಸೋಸುವ ಪ್ರಮಾಣ ಎಷ್ಟು ಎಂದು ಕೇಳಿ. ಅದು 60ಕ್ಕಿಂತ ಕಡಿಮೆ ಇದ್ದು ಮೂರು ತಿಂಗಳ ಬಳಿಕವೂ ಹಾಗೆಯೇ ಇದ್ದರೆ ದೀರ್ಘಕಾಲದ ರೋಗವೆಂದು ಅರ್ಥ. ಕೊಯಮತ್ತೂರು ಮತ್ತು ತಿರುಪ್ಪೂರಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿಗೆ ಆಗ ಹೋಗಬಹುದು.

ಬಿಸಿಲಿನಲ್ಲಿ ದುಡಿದ ಸಂಜೆಯೇ ರಕ್ತ ಕೊಟ್ಟರೆ ಅಂಕಿ ತಾತ್ಕಾಲಿಕವಾಗಿ ಏರಿರಬಹುದು. ಒಂದು ದಿನ ಬಿಡುವು ಕೊಟ್ಟು, ನೀರು ಚೆನ್ನಾಗಿ ಕುಡಿದು, ಮರುದಿನ ಬೆಳಿಗ್ಗೆ ಕೊಡಿಸಿ. ಹಂಗಾಮಿಗೆ ತಂಡ ಬಂದಿಳಿದ ವಾರದಲ್ಲಿ ಒಮ್ಮೆ, ಊರಿಗೆ ಹೊರಡುವ ಮುನ್ನ ಒಮ್ಮೆ, ಹೀಗೆ ಎರಡು ಸಲ ನೋಡಿದರೆ ಆ ಹಂಗಾಮು ಅವರಿಗೆ ಏನು ಮಾಡಿತೆಂಬುದು ಗೊತ್ತಾಗುತ್ತದೆ. ಎರಡೂ ಚೀಟಿಗಳನ್ನು ಮೇಸ್ತ್ರಿಯ ಕೈಗೆ ಕೊಡದೆ, ಆಯಾ ಕೆಲಸಗಾರರ ಕೈಗೇ ಕೊಡಿ. ಅವರ ಊರಿನ ವೈದ್ಯರಿಗೆ ತೋರಿಸಲು ಅವು ಬೇಕಾಗುತ್ತವೆ.